ಕಂದಕದ ನಡುವಣ ಮನೆ

ಇಂಗ್ಲೆಂಡಿನ ಪೂರ್ವಭಾಗದ ಸಫೊಕ್, ಎಸೆಕ್ಸ್ ಮೊದಲಾದ ಸೀಮೆಗಳಲ್ಲಿ ಹೊಲಗಳ ನಡುವಣ ಕಾಲುದಾರಿಯನ್ನು ಹಿಡಿದು ನಡೆಯುವವನಿಗೆ ಆಗಾಗ ಒಂದು ವಿಚಿತ್ರವಾದ ನೋಟವು ಎದುರಾಗುತ್ತದೆ. ದನಕುರಿಗಳು ಮೇಯುವ ಹುಲ್ಲುಗಾವಲಿನ ಮೂಲೆಯಲ್ಲಿ ಚೌಕವಾಗಿ ತೋಡಿದ ಅಗಲವಾದ ಹಳ್ಳ. ಅದರ ಒಂದೆರಡು ಬದಿಗಳಲ್ಲಿ ಪಾಚಿಗಟ್ಟಿದ ನೀರು, ಉಳಿದ ಬದಿಗಳಲ್ಲಿ ಜೊಂಡು, ಮುಳ್ಳುಪೊದೆ. ನಡುವೆ ಸ್ವಲ್ಪ ಎತ್ತರವಾದ ಒಂದು ಬಯಲು. ಆ ಬಯಲಿನಲ್ಲಿ ಗೋಡೆಯಿಲ್ಲ, ಕಂಬವಿಲ್ಲ, ಹೊಸ್ತಿಲಿನ ಕಲ್ಲೊಂದೂ ಇಲ್ಲ. ಆದರೂ ಸರ್ಕಾರದ ಭೂಮಾಪನದ ನಕ್ಷೆಯನ್ನು ಬಿಡಿಸಿ ನೋಡಿದರೆ, ಪ್ರಾಚೀನ ಅವಶೇಷಗಳಿಗೆಂದೇ ಮೀಸಲಾದ ಹಳೆಯ ಮಾದರಿಯ ಅಕ್ಷರಗಳಲ್ಲಿ, ಆ ಸ್ಥಳಕ್ಕೆ ಸರಿಯಾಗಿ ‘ಮೋಟ್’ ಎಂಬ ಒಂದೇ ಮಾತು ಅಚ್ಚಾಗಿರುವುದನ್ನು ಕಾಣಬಹುದು. ಇಂಥ ಸ್ಥಳಗಳು ಆ ದೇಶದಲ್ಲಿ ಸುಮಾರು ೬,೦೦೦ ಇರುವುವೆಂದು ಪ್ರಾಕ್ತನಶಾಸ್ತ್ರಜ್ಞರು ಎಣಿಸಿದ್ದಾರೆ. ಅಷ್ಟೂ ಒಂದು ಕಾಲದಲ್ಲಿ ಒಲೆ ಉರಿಯುತ್ತಿದ್ದ, ಮಕ್ಕಳು ಆಡುತ್ತಿದ್ದ, ಬಂದ ನೆಂಟರಿಗೆ ಬಡಿಸುತ್ತಿದ್ದ ಮನೆಗಳ ನಿವೇಶನಗಳು.

ಮೊದಲು ಹೆಸರನ್ನು ವಿಚಾರಿಸೋಣ. ನಾವು ‘ಕಂದಕ’ ಎನ್ನುವುದು ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದ ಮಾತು. ಹಳಗನ್ನಡದಲ್ಲಿ ಇದಕ್ಕೆ ‘ಅಗಳ್’ ಎಂದು ಹೆಸರು. ಸಂಸ್ಕೃತದಲ್ಲಿ ‘ಪರಿಖಾ’, ಎಂದರೆ ಸುತ್ತಲೂ ಅಗೆದದ್ದು. ಈ ಹೆಸರುಗಳಿಂದೆಲ್ಲ ತಗ್ಗೇ ಮನಸ್ಸಿಗೆ ಬರುತ್ತದೆ. ಆದರೆ ಆಂಗ್ಲೇಯರ ‘ಮೋಟ್’ ಶಬ್ದಕ್ಕೆ ಹಳೆಯ ಫ್ರೆಂಚಿನಲ್ಲಿ ದಿಬ್ಬವೆಂದೇ ಅರ್ಥವಿತ್ತು. ಹಳ್ಳದಿಂದ ತೆಗೆದ ಮಣ್ಣನ್ನು ನಡುವೆ ಸುರಿದರೆ ದಿಬ್ಬವಾಯಿತು. ಎರಡೂ ಒಂದೇ ಕೆಲಸದ ಫಲ. ಹೀಗೆ ಹೆಸರು ಮೇಲಿನಿಂದ ಕೆಳಕ್ಕೆ ಜಾರಿ, ಕೊನೆಗೆ ಹಳ್ಳದಲ್ಲಿಯೇ ನಿಂತಿತು. ಶಬ್ದಗಳಿಗೂ ಕಾಲು ಜಾರುವುದುಂಟು.

ಕಂದಕವೆಂದೊಡನೆ ಕೋಟೆಯನ್ನೂ ಕೋಟೆಯೆಂದೊಡನೆ ಯುದ್ಧವನ್ನೂ ನೆನೆಯುವುದು ನಮ್ಮ ಅಭ್ಯಾಸ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ದುರ್ಗಕ್ಕೆ ಒಂದರ ಹೊರಗೆ ಒಂದರಂತೆ ಮೂರು ಪರಿಖೆಗಳನ್ನು ೧೪, ೧೨, ೧೦ ದಂಡಗಳ ಅಗಲದಲ್ಲಿ ತೋಡಿಸಬೇಕೆಂದು ವಿಧಿಸಿದ್ದಾನೆ. ಅದು ರಾಜಧಾನಿಯ ಮಾತು, ಶತ್ರುಸೈನ್ಯವನ್ನು ಎದುರಿಸುವ ಮಾತು. ಇಂಗ್ಲೆಂಡಿನ ಹೊಲಗಳಲ್ಲಿ ಮಲಗಿರುವ ಈ ಕಂದಕಗಳಾದರೋ ಬಹುಮಟ್ಟಿಗೆ ಗೃಹಸ್ಥರವು. ಇವುಗಳಲ್ಲಿ ಹೆಚ್ಚಿನವು ೧೨೫೦ ರಿಂದ ೧೩೫೦ ರ ವರೆಗಿನ ನೂರು ವರ್ಷಗಳಲ್ಲಿ ತೋಡಲ್ಪಟ್ಟವು. ಸಣ್ಣಪುಟ್ಟ ಭೂಸ್ವಾಮಿಗಳು, ಮಠಾಧಿಪತಿಗಳು, ಚರ್ಚಿನ ಪಾದ್ರಿಗಳು, ಕೈಯಲ್ಲಿ ಸ್ವಲ್ಪ ಹಣವಿದ್ದ ಸ್ವತಂತ್ರ ರೈತರು ಕೂಡ ತಂತಮ್ಮ ಮನೆಯ ಸುತ್ತಲೂ ನೀರನ್ನು ನಿಲ್ಲಿಸಿಕೊಂಡರು. ಷೇಕ್ಸ್‌ಪಿಯರನ ‘ಮೆಷರ್ ಫಾರ್ ಮೆಷರ್’ ನಾಟಕದಲ್ಲಿ ಪರಿತ್ಯಕ್ತೆಯಾದ ಮೇರಿಯಾನಳು ವಾಸಿಸುವುದು ಇಂಥದೇ ಕಂದಕವುಳ್ಳ ಒಂದು ಒಕ್ಕಲುಮನೆಯಲ್ಲಿ. ಟೆನಿಸನ್ ಕವಿಯು ೧೮೩೦ ರಲ್ಲಿ ಅದನ್ನೇ ಹಿಡಿದು ಒಂದು ಕವಿತೆಯನ್ನು ಬರೆದನು. ಆಗಲೇ ಆ ಮನೆಗಳು ಒಂಟಿತನಕ್ಕೂ ಪಾಳುಬೀಳುವಿಕೆಗೂ ಗುರುತಾಗಿದ್ದುವು.

ಮ್ಯಾನರ್ ಎಂಬುದನ್ನು ಬರಿಯ ಮನೆಯೆಂದು ತಿಳಿಯಬಾರದು. ಅದೊಂದು ಹಿಡುವಳಿ, ಅದರೊಡನೆ ಒಂದು ಅಧಿಕಾರ. ಯಜಮಾನನ ಸ್ವಂತ ಸಾಗುವಳಿಯ ಭೂಮಿ ಒಂದು ಭಾಗ. ಒಕ್ಕಲುಗಳ ಭೂಮಿ ಇನ್ನೊಂದು ಭಾಗ. ಮೇಲೆ ಯಜಮಾನನದೇ ಒಂದು ನ್ಯಾಯಸ್ಥಾನ. ಒಕ್ಕಲುಗಳಲ್ಲಿ ಸ್ವತಂತ್ರರಲ್ಲದವರಿಗೆ ‘ವಿಲನ್’ ಎಂದು ಹೆಸರಿತ್ತು. ನಾಟಕ ಸಿನಿಮಾಗಳ ಖಳನಾಯಕನನ್ನು ನಾವು ಕರೆಯುವ ಅದೇ ಶಬ್ದ ಇದು. ಮೊದಲಿನ ಅರ್ಥ ಹಳ್ಳಿಯ ಒಕ್ಕಲಿಗನೆಂದಷ್ಟೆ. ಮೇಲಿನವರ ಬಾಯಿಯಲ್ಲಿ ಬಿದ್ದು ಬಿದ್ದು ಅದು ಬೈಗುಳವಾಯಿತು. ಈ ಒಕ್ಕಲು ವಾರಕ್ಕೆ ಇಷ್ಟು ದಿನವೆಂದು ಯಜಮಾನನ ಹೊಲದಲ್ಲಿ ಬಿಟ್ಟಿ ದುಡಿಯಬೇಕು. ಮಗಳ ಮದುವೆಗೆ ಯಜಮಾನನಿಗೆ ಕಾಣಿಕೆ ಕೊಡಬೇಕು. ಅವನು ಸತ್ತರೆ ಕೊಟ್ಟಿಗೆಯಲ್ಲಿದ್ದ ಅತ್ಯುತ್ತಮವಾದ ಪಶು ಯಜಮಾನನ ಪಾಲಾಗುತ್ತಿತ್ತು. ಇವೆಲ್ಲವೂ ಲ್ಯಾಟಿನ್ ಭಾಷೆಯಲ್ಲಿ ಬರೆದ ಚರ್ಮದ ಸುರುಳಿಗಳಲ್ಲಿ ದಾಖಲಾಗಿವೆ.

ಇನ್ನು ಕಂದಕವನ್ನು ತೋಡುವುದೆಂದರೆ ಎಷ್ಟು ಶ್ರಮ? ನಾನು ಹಳೆಯ ಅಭ್ಯಾಸಬಲದಿಂದ ಒಂದು ಲೆಕ್ಕವನ್ನು ಹಾಕಿದೆನು. ನಡುವಣ ನೆಲವು ೨೦೦ ಅಡಿ ಚಚ್ಚೌಕವಾಗಿರಲಿ; ಕಂದಕವು ಮೇಲೆ ೩೦ ಅಡಿ, ತಳದಲ್ಲಿ ೧೫ ಅಡಿ ಅಗಲವಾಗಿದ್ದು ೮ ಅಡಿ ಆಳವಾಗಿರಲಿ. ಇದು ಅತಿ ದೊಡ್ಡದೂ ಅಲ್ಲ, ಅತಿ ಚಿಕ್ಕದೂ ಅಲ್ಲ. ಅಗೆಯಬೇಕಾದ ಮಣ್ಣು ಸುಮಾರು ೧,೬೫,೬೦೦ ಘನ ಅಡಿ. ಜಿಗಟು ಮಣ್ಣನ್ನು ಅಗೆದು ಮೇಲಕ್ಕೆ ಹೊರುವ ಒಬ್ಬ ಆಳು ದಿನಕ್ಕೆ ೫೦ ಘನ ಅಡಿಯನ್ನು ತೆಗೆಯುವನೆಂದು ಹಿಡಿದರೆ, ೩,೩೧೨ ಆಳುದಿನಗಳಾದುವು. ಎಂದರೆ ಮೂವತ್ತು ಜನ ಬಿಡುವಿಲ್ಲದೆ ಮೂರೂವರೆ ತಿಂಗಳಿಗಿಂತಲೂ ಹೆಚ್ಚು ಕಾಲ ಮಾಡಬೇಕಾದ ಕೆಲಸ. ಅವರ ಕೈಯಲ್ಲಿದ್ದುದು ಅಂಚಿಗೆ ಮಾತ್ರ ಕಬ್ಬಿಣವನ್ನು ಕಟ್ಟಿದ ಮರದ ಸಲಿಕೆ. ಕೆಲವರು ಕೂಲಿಗೆ ಬಂದವರು, ಕೆಲವರು ಬಿಟ್ಟಿಗೆ. ನಮ್ಮ ‘ಬಿಟ್ಟಿ’ಯು ಸಂಸ್ಕೃತದ ‘ವಿಷ್ಟಿ’ಯಿಂದ ಬಂದುದು, ಆ ಪದ್ಧತಿಗೆ ಎಲ್ಲ ದೇಶಗಳಲ್ಲಿಯೂ ಒಂದೊಂದು ಹೆಸರುಂಟು.

ಇಷ್ಟು ಕಷ್ಟಪಟ್ಟು ನೀರನ್ನು ಏಕೆ ಸುತ್ತಿಕೊಂಡರು? ಶತ್ರುಗಳಿಂದ ರಕ್ಷಣೆಗೆಂಬ ಉತ್ತರ ಸುಲಭವಾಗಿ ಬಾಯಿಗೆ ಬರುತ್ತದೆ. ಆದರೆ ಸ್ಥಳವನ್ನು ಪರೀಕ್ಷಿಸಿದರೆ ಅದು ನಿಲ್ಲುವುದಿಲ್ಲ. ಎಷ್ಟೋ ಕಂದಕಗಳ ಒಳಬದಿಯಲ್ಲಿ ಕೋಟೆಗೋಡೆಯೇ ಇರಲಿಲ್ಲ. ಕೆಲವು ಮೂರು ಬದಿಗೆ ಮಾತ್ರ ಇವೆ. ನಾಲ್ಕನೆಯ ಬದಿ ಬಾಗಿಲು ತೆರೆದಂತೆ ತೆರೆದಿದೆ. ಕೆಲವಕ್ಕೆ ಬೇಸಗೆಯಲ್ಲಿ ಮೊಣಕಾಲುದ್ದದ ನೀರೂ ನಿಲ್ಲದು. ಇಂಥದನ್ನು ನೋಡಿ ಯಾವ ಸೇನಾಪತಿಯೂ ಹಿಂದಿರುಗಿ ಹೋಗಲಾರನು. ಕಳ್ಳರ ಭಯ ಮಾತ್ರ ನಿಜವಾಗಿ ಇತ್ತು. ೧೨೮೫ ರಲ್ಲಿ ಒಂದನೆಯ ಎಡ್ವರ್ಡ್ ದೊರೆಯು ವಿಂಚೆಸ್ಟರ್ ಶಾಸನದ ಮೂಲಕ, ದರೋಡೆಗಾರರು ಅಡಗದಂತೆ ಹೆದ್ದಾರಿಗಳ ಎರಡು ಕಡೆಯಲ್ಲಿಯೂ ೨೦೦ ಅಡಿಗಳವರೆಗೆ ಪೊದೆಗಳನ್ನು ಕಡಿದುಹಾಕಬೇಕೆಂದು ಆಜ್ಞಾಪಿಸಿದನು. ರಾತ್ರಿ ಸೇತುವೆಯ ಬಾಗಿಲನ್ನು ಮುಚ್ಚಿಕೊಂಡರೆ ಮನೆಯವರಿಗೆ ನೆಮ್ಮದಿಯ ನಿದ್ರೆ ಬರುತ್ತಿತ್ತೆಂಬುದರಲ್ಲಿ ಸಂಶಯವಿಲ್ಲ. ನೆಲದ ಗುಣವೂ ಒಂದು ಕಾರಣ. ಕಂದಕಗಳು ಹೆಚ್ಚಾಗಿರುವುದು ಜೇಡಿಮಣ್ಣಿನ ಸೀಮೆಗಳಲ್ಲಿ. ಅಲ್ಲಿ ನೀರು ಇಂಗುವುದಿಲ್ಲ, ಅಗೆದಲ್ಲಿ ನಿಲ್ಲುತ್ತದೆ. ಸುತ್ತ ತೋಡಿದರೆ ನಡುವಣ ನೆಲ ಒಣಗುತ್ತದೆ. ತೋಡಿದ ಮಣ್ಣನ್ನು ಹರಡಿದರೆ ಎತ್ತರವೂ ಆಗುತ್ತದೆ. ದನಕ್ಕೆ ನೀರಾಯಿತು, ಹುಲ್ಲುಛಾವಣಿಗೆ ಬೆಂಕಿ ಬಿದ್ದರೆ ಆರಿಸುವುದಕ್ಕೂ ಆಯಿತು.

ಆದರೆ ಇವೆಲ್ಲವನ್ನೂ ಮೀರಿದ ಕಾರಣವೊಂದುಂಟು. ವಿದ್ವಾಂಸರಲ್ಲಿ ಬಹುಮಂದಿ ಅದನ್ನೇ ಎತ್ತಿ ಹೇಳುತ್ತಾರೆ. ಅದು ಅಂತಸ್ತು. ರಾಜನಿಗೂ ದೊಡ್ಡ ಪಾಳೆಯಗಾರನಿಗೂ ಕಲ್ಲಿನ ಕೋಟೆ ಇತ್ತು, ಕೋಟೆಗೆ ನೀರಿನ ಕಂದಕವಿತ್ತು. ಚಿಕ್ಕ ಯಜಮಾನನಿಗೆ ಕೋಟೆ ಕಟ್ಟುವ ಶಕ್ತಿಯಿಲ್ಲ. ಗೋಡೆಗೆ ಕೊತ್ತಳದ ತೆನೆಗಳನ್ನಿಡಬೇಕಾದರೆ ದೊರೆಯ ಅಪ್ಪಣೆಪತ್ರವೂ ಬೇಕು. ಹಳ್ಳ ತೋಡುವುದಕ್ಕೆ ಅಂಥ ಅಪ್ಪಣೆ ಬೇಕಿರಲಿಲ್ಲ. ಆದ್ದರಿಂದ ಕೋಟೆಯ ಯಾವ ಅಂಗವು ಕೈಗೆಟುಕುವಂತಿತ್ತೋ ಅದನ್ನು ಅವನು ಹಿಡಿದನು. ಬಂದವನು ಸೇತುವೆಯನ್ನು ದಾಟಿ ಬರಬೇಕು. ದಾಟುವಾಗ ತಾನು ಯಾರ ಮನೆಗೆ ಬರುತ್ತಿದ್ದೇನೆಂಬುದು ಅವನಿಗೆ ತಿಳಿಯಬೇಕು. ಹಣವಂತ ವರ್ತಕರೂ ಈ ಆಸೆಗೆ ಹೊರತಾಗಿರಲಿಲ್ಲ. ಉಣ್ಣೆಯ ವ್ಯಾಪಾರದಲ್ಲಿ ಅಪಾರ ಸಂಪತ್ತನ್ನು ಗಳಿಸಿದ ಲಡ್ಲೋ ಪಟ್ಟಣದ ಲಾರೆನ್ಸನು ವೇಲ್ಸಿನ ಎಲ್ಲೆಗೆ ಸಮೀಪದ ಸ್ಟೋಕ್‌ಸೇ ಎಂಬಲ್ಲಿ ಮನೆಯನ್ನು ಕಟ್ಟಿಸಿ, ೧೨೯೧ ರಲ್ಲಿ ದೊರೆಯ ಅಪ್ಪಣೆಯನ್ನೂ ಪಡೆದು ಕಂದಕದ ನಡುವೆ ಕೋಟೆಯಂಥ ಗೋಪುರವನ್ನು ನಿಲ್ಲಿಸಿದನು. ೧೨೯೪ ರಲ್ಲಿ ಉಣ್ಣೆಯ ಹಡಗು ಮುಳುಗಿ ಸಮುದ್ರದಲ್ಲಿಯೇ ತೀರಿಹೋದನು. ಅವನ ಮನೆ ಈಗಲೂ ನಿಂತಿದೆ; ಕಂದಕ ಮಾತ್ರ ಒಣಗಿದೆ.

ಒಳಗಣ ಸಂಸಾರವನ್ನು ಸ್ವಲ್ಪ ನೋಡೋಣ. ಮನೆಯ ಪ್ರಧಾನ ಭಾಗ ‘ಹಾಲ್’ ಎಂಬ ಎತ್ತರವಾದ ದೊಡ್ಡ ಅಂಕಣ. ನೆಲದ ನಡುವೆಯೇ ಒಲೆ. ಹೊಗೆಯು ಛಾವಣಿಯ ಕಂಡಿಯಿಂದ ಹೊರಕ್ಕೆ ಹೋಗಬೇಕು. ಒಂದು ಕೊನೆಯಲ್ಲಿ ಎತ್ತರದ ಜಗಲಿಯ ಮೇಲೆ ಯಜಮಾನನ ಪಂಕ್ತಿ, ಕೆಳಗೆ ಆಳುಕಾಳುಗಳದು. ಇನ್ನೊಂದು ಕೊನೆಯಲ್ಲಿ ಎರಡು ಉಗ್ರಾಣಗಳು: ಒಂದು ರೊಟ್ಟಿಯದು, ಒಂದು ಪಾನೀಯದ ಪೀಪಾಯಿಗಳದು. ಈ ಎರಡನೆಯದಕ್ಕೆ ‘ಬಟರಿ’ ಎಂದು ಹೆಸರು. ಬೆಣ್ಣೆಗೂ ಇದಕ್ಕೂ ಸಂಬಂಧವಿಲ್ಲ. ಪಾನೀಯವನ್ನು ನೋಡಿಕೊಳ್ಳುತ್ತಿದ್ದವನು ಬಟ್ಲರ್. ದೊರೆಗಳ ಬಂಗಲೆಗಳ ಮೂಲಕ ನಮ್ಮ ಊರುಗಳಿಗೂ ಬಂದು, ಅಡಿಗೆಯ ಆಳೆಂಬ ಅರ್ಥವನ್ನು ತಾಳಿದ ಬಟ್ಲರನ ಪೂರ್ವಾಶ್ರಮವು ಇದೇ. ಬೆಂಕಿಯ ಭಯದಿಂದ ಅಡಿಗೆಮನೆಯನ್ನು ಅನೇಕ ಕಡೆ ಪ್ರತ್ಯೇಕವಾಗಿ ಕಟ್ಟುತ್ತಿದ್ದರು. ಯಜಮಾನನ ಕುಟುಂಬಕ್ಕೆ ಮೇಲಂತಸ್ತಿನಲ್ಲಿ ಒಂದು ಖಾಸಾ ಕೋಣೆ. ಉಳಿದವರಿಗೆ ಹಾಲಿನ ನೆಲವೇ ಹಾಸಿಗೆ.

ಕಂದಕದಲ್ಲಿಯೂ ಅದಕ್ಕೆ ಹೊಂದಿದ ಕೊಳಗಳಲ್ಲಿಯೂ ಮೀನನ್ನು ಸಾಕುತ್ತಿದ್ದರು. ಕ್ರೈಸ್ತಮತದ ಅಂದಿನ ನಿಯಮದಂತೆ ಶುಕ್ರವಾರಗಳಲ್ಲಿಯೂ ಈಸ್ಟರಿಗೆ ಮುಂಚಿನ ನಲವತ್ತು ದಿನಗಳಲ್ಲಿಯೂ ಇನ್ನೂ ಅನೇಕ ವ್ರತದಿನಗಳಲ್ಲಿಯೂ ಮಾಂಸವು ನಿಷಿದ್ಧವಾಗಿತ್ತು. ಮೀನು ಮಾಂಸವಲ್ಲವೆಂದು ಪರಿಗಣಿತವಾದುದರಿಂದ ಅದಕ್ಕೆ ಬಹಳ ಬೇಡಿಕೆ. ನಮ್ಮ ಏಕಾದಶಿಯ ಪಟ್ಟಿಯನ್ನು ನೋಡಿ ನಗುವವರು ಇದನ್ನೂ ತಿಳಿದಿರುವುದು ಒಳ್ಳೆಯದು. ಆದರೆ ಅದೇ ಕಂದಕಕ್ಕೆ ಮನೆಯ ಪಾಯಖಾನೆಯ ಗಂಡಿಗಳೂ ತೆರೆಯುತ್ತಿದ್ದುವೆಂಬುದನ್ನು ನಮ್ಮ ಗೃಹಿಣಿಯರು ಕೇಳಿದರೆ ಏನೆನ್ನುವರೋ! ವಿವೇಕಿಗಳಾದ ಯಜಮಾನರು ಮೀನಿಗೆ ಬೇರೆಯ ಕೊಳವನ್ನೇ ತೋಡಿಸುತ್ತಿದ್ದರೆಂದು ಸಮಾಧಾನ ತಂದುಕೊಳ್ಳಬೇಕು.

ಇಷ್ಟು ಸಾಮಾನ್ಯವಾಗಿ ಹೇಳಿದುದನ್ನು ಒಂದೇ ಮನೆಯಲ್ಲಿ ಕಾಣಬೇಕಾದರೆ ಆಕ್ಸ್‌ಫರ್ಡ್‌ಷೈರಿನ ಚಾಲ್‌ಗ್ರೋವ್ ಗ್ರಾಮಕ್ಕೆ ಹೋಗಬೇಕು. ಇತಿಹಾಸವನ್ನು ಓದಿದವರಿಗೆ ಈ ಹೆಸರಿನೊಡನೆ ಜಾನ್ ಹ್ಯಾಂಪ್ಡನನ ನೆನಪಾಗಬಹುದು. ದೊರೆಗೂ ಪಾರ್ಲಿಮೆಂಟಿಗೂ ನಡೆದ ಯುದ್ಧದಲ್ಲಿ, ೧೬೪೩ ನೆಯ ಜೂನ್ ೧೮ ರಂದು, ಅವನು ಮರಣಾಂತಿಕವಾಗಿ ಗಾಯಗೊಂಡುದು ಆ ಊರಿನ ಬಯಲಿನಲ್ಲಿ. ನಾವು ಹೇಳಹೊರಟ ಮನೆಯು ಅಷ್ಟು ಹೊತ್ತಿಗೆ ನೆಲಸಮವಾಗಿ ಒಂದೂವರೆ ಶತಮಾನವೇ ಕಳೆದಿತ್ತು.

ಅಲ್ಲಿ ಹಾರ್ಡಿಂಗನ ಹೊಲವೆಂದು ಹೆಸರಾದ ಒಂದು ಹುಲ್ಲುಗಾವಲಿತ್ತು. ಅದರಲ್ಲಿ ಒಂದು ಹಳೆಯ ಕಂದಕದ ಗುರುತು. ೧೯೭೦ ರ ದಶಕದಲ್ಲಿ ಆ ನೆಲವನ್ನು ಸಮಮಾಡಿ ಶಾಲೆಯ ಮಕ್ಕಳಿಗೆ ಆಟದ ಬಯಲನ್ನಾಗಿ ಮಾಡುವ ಪ್ರಸ್ತಾಪ ಬಂದಿತು. ಮಾಸ್ತರಿಕೆ ಮಾಡಿದವನಾಗಿ ಆಟದ ಬಯಲಿನ ವಿರುದ್ಧ ಮಾತನಾಡಲು ನನಗೆ ನಾಲಗೆ ಬಾರದು. ಆದರೆ ಅಲ್ಲಿಯ ಜನ ಒಂದು ವಿವೇಕವನ್ನು ಮಾಡಿದರು: ಸಮಮಾಡುವುದಕ್ಕೆ ಮೊದಲು ಅಗೆದು ನೋಡಿದರು. ೧೯೭೬ ರಿಂದ ೧೯೭೯ ರ ವರೆಗೆ ಉತ್ಖನನವು ನಡೆಯಿತು. ನೆಲದ ಕೆಳಗೆ ಹಾಲ್, ಅದಕ್ಕೆ ಅಡ್ಡಲಾಗಿ ಸೇರಿಸಿದ ವಾಸದ ಕಟ್ಟು, ಅಡಿಗೆಮನೆ, ಒಕ್ಕಲುತನದ ಕಟ್ಟಡಗಳು, ಇವುಗಳ ತಳಪಾಯಗಳು ಒಂದೊಂದಾಗಿ ಹೊರಬಿದ್ದುವು. ಇಂಗ್ಲೆಂಡಿನಲ್ಲಿ ಇಷ್ಟು ಪೂರ್ಣವಾಗಿ ಅಗೆದು ತಿಳಿದ ಕಂದಕದ ಮನೆಗಳು ವಿರಳ. ಅಗೆದವರ ವರದಿಯು ಗ್ರಂಥರೂಪವಾಗಿ ಹೊರಬಂದುದು ೨೦೦೫ ರಲ್ಲಿ. ಅಗೆಯುವುದಕ್ಕೆ ಮೂರು ನಾಲ್ಕು ವರ್ಷ, ಅಗೆದುದನ್ನು ಓದಿ ಬರೆದು ಅಚ್ಚುಹಾಕಿಸುವುದಕ್ಕೆ ಇಪ್ಪತ್ತಾರು.

ಕಂದಕಕ್ಕೆ ಮೊದಲೇ ಅಲ್ಲಿ ವಾಸವಿತ್ತು. ಹದಿಮೂರನೆಯ ಶತಮಾನದ ನಡುಭಾಗದಲ್ಲಿ ಅದು ಬ್ಯಾರೆಂಟಿನ್ ಎಂಬ ವಂಶದ ಕೈಗೆ ಬಂದಿತು. ಮೊದಲಿಗನಾದ ಡ್ರೂ ಬ್ಯಾರೆಂಟಿನನು ಮೂರನೆಯ ಹೆನ್ರಿ ದೊರೆಯ ಸೇವಕ; ಚಾನೆಲ್ ದ್ವೀಪಗಳ ಪಾಲಕನಾಗಿಯೂ ಫ್ರಾನ್ಸಿನ ಗ್ಯಾಸ್ಕನಿಯಲ್ಲಿ ದೊರೆಯ ಪ್ರತಿನಿಧಿಯಾಗಿಯೂ ಇದ್ದವನು. ಸರ್ಕಾರದ ದೊಡ್ಡ ಉದ್ಯೋಗದಲ್ಲಿ ಮೇಲೇರಿದವನು ಹಳ್ಳಿಯಲ್ಲಿ ಜಮೀನನ್ನು ಪಡೆದು ನಾಲ್ಕು ಜನ ನೋಡುವಂತೆ ಮನೆ ಮಾಡಿಕೊಳ್ಳುವುದು ನಮಗೆ ಅರ್ಥವಾಗದ ಸಂಗತಿಯೇನೂ ಅಲ್ಲ. ಆ ಕಾಲದಲ್ಲಿಯೇ ಕಂದಕವೂ ಆಯಿತು. ಮಕ್ಕಳು ಮೊಮ್ಮಕ್ಕಳು ಹಾಲನ್ನು ತಿದ್ದಿದರು, ಕಟ್ಟುಗಳನ್ನು ಬೆಳೆಸಿದರು. ಹದಿನಾಲ್ಕನೆಯ ಶತಮಾನದಲ್ಲಿ ಊರಿನ ಚರ್ಚಿನ ಗೋಡೆಗಳ ಮೇಲೆ ಕ್ರಿಸ್ತನ ಜೀವನದ ಚಿತ್ರಗಳನ್ನು ಬರೆಯಲಾಯಿತು; ಅವು ಇಂದಿಗೂ ಇವೆ. ಇದೇ ವಂಶದ ಇನ್ನೊಬ್ಬ ಡ್ರೂ ಲಂಡನ್ನಿನಲ್ಲಿ ಚಿನ್ನದ ಕೆಲಸದವರ ಸಂಘಕ್ಕೆ ಸೇರಿ ಶ್ರೀಮಂತನಾಗಿ ೧೩೯೮ ರಲ್ಲಿಯೂ ೧೪೦೮ ರಲ್ಲಿಯೂ ಆ ಮಹಾನಗರದ ಮೇಯರಾದನು.

ಏಳಿಗೆಯೇ ಮನೆಗೆ ಮುಳುವಾಯಿತು. ವಂಶದವರು ಕೆಲವೇ ಮೈಲಿ ದೂರದ ಲಿಟಲ್ ಹೇಸ್ಲಿಯಲ್ಲಿ ಮೇಲಾದ ಮನೆಯನ್ನು ಮಾಡಿಕೊಂಡರು. ಹದಿನಾರನೆಯ ಶತಮಾನದ ಪ್ರವಾಸಿ ಜಾನ್ ಲೀಲೆಂಡನು ಅಲ್ಲಿಗೆ ಬಂದು ಬ್ಯಾರೆಂಟಿನರ ಸೊಗಸಾದ ಮನೆಯನ್ನೂ ತೋಟಗಳನ್ನೂ ಕೊಳಗಳನ್ನೂ ಕಂಡು ಮೆಚ್ಚಿ ಬರೆದಿಟ್ಟಿದ್ದಾನೆ. ಚಾಲ್‌ಗ್ರೋವಿನ ಮನೆಯು ಅವನು ಬರುವುದಕ್ಕೆ ಮೊದಲೇ, ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ, ಕೆಡವಲ್ಪಟ್ಟಿತ್ತು. ಒಳ್ಳೆಯ ಕಲ್ಲನ್ನೂ ತೊಲೆಯನ್ನೂ ಮಣ್ಣಿಗೆ ಬಿಡುವಷ್ಟು ಧಾರಾಳಿಗಳು ಯಾವ ಹಳ್ಳಿಯಲ್ಲಿಯೂ ಇರುವುದಿಲ್ಲ. ಹೊತ್ತುಕೊಂಡು ಹೋಗಲು ಬಾರದುದು ಕಂದಕವೊಂದೇ; ಅದು ಉಳಿಯಿತು.

ಎಲ್ಲ ಮನೆಗಳೂ ಏಳಿಗೆಯಿಂದ ಪಾಳಾದುವೆಂದಲ್ಲ. ೧೩೪೮ ರ ಬೇಸಗೆಯಲ್ಲಿ ಮಹಾಮಾರಿಯು ಇಂಗ್ಲೆಂಡಿನ ಕರಾವಳಿಗೆ ಇಳಿಯಿತು. ಮುಂದಿನ ವರ್ಷದ ಕೊನೆಯೊಳಗೆ ಮೂರರಲ್ಲಿ ಒಂದು ಪಾಲು, ಕೆಲವರ ಎಣಿಕೆಯಲ್ಲಿ ಅರ್ಧ ಪಾಲು ಜನ ಮಣ್ಣಾದರು. ಆ ವರ್ಷದ ಮ್ಯಾನರಿನ ಸುರುಳಿಗಳಲ್ಲಿ ಸತ್ತ ಒಕ್ಕಲುಗಳ ಹೆಸರೂ, ಅವರ ಕೊಟ್ಟಿಗೆಯಿಂದ ಯಜಮಾನನಿಗೆ ಸಂದ ಪಶುವಿನ ಹೆಸರೂ ಸಾಲುಸಾಲಾಗಿ ಬರುತ್ತವೆ. ಪಶುಗಳು ಬಂದುವು, ಮೇಯಿಸುವವರಿಲ್ಲ. ಬದುಕಿ ಉಳಿದ ಆಳುಗಳು ಹೆಚ್ಚು ಕೂಲಿ ಕೇಳಿದರು. ೧೩೫೧ ರಲ್ಲಿ ಕೂಲಿಯನ್ನು ಹಳೆಯ ದರಕ್ಕೇ ಕಟ್ಟಿಹಾಕುವ ಶಾಸನವಾಯಿತು. ೧೩೮೧ ರಲ್ಲಿ ರೈತರು ದಂಗೆಯೆದ್ದಾಗ ಅನೇಕ ಕಡೆ ಮೊದಲು ಬೆಂಕಿಗೆ ಹಾಕಿದುದು ಆ ಸುರುಳಿಗಳನ್ನೇ. ತಮ್ಮ ಕಷ್ಟವು ಎಲ್ಲಿ ಬರೆದಿದೆಯೆಂಬುದು ಅಕ್ಷರ ಬಾರದವರಿಗೂ ತಿಳಿದಿತ್ತು. ಬಿಟ್ಟಿಯ ಪದ್ಧತಿ ಕ್ರಮೇಣ ಸಡಿಲವಾಯಿತು. ಯಜಮಾನರು ಸ್ವಂತ ಸಾಗುವಳಿಯನ್ನು ಬಿಟ್ಟು ಭೂಮಿಯನ್ನು ಗುತ್ತಿಗೆಗೆ ಕೊಟ್ಟರು, ಅಥವಾ ಕುರಿಗಳಿಗೆ ಬಿಟ್ಟರು. ಕೆಲವು ಕಂದಕಗಳ ನಡುವೆ ಇಂದಿಗೂ ರೈತರ ಮನೆಗಳಿವೆ; ಕೆಂಟ್ ಸೀಮೆಯ ಇಟಮ್ ಮೋಟ್ ಎಂಬ ಹದಿನಾಲ್ಕನೆಯ ಶತಮಾನದ ಚೆಲುವಾದ ಮನೆಯು ನೀರಿನ ನಡುವೆ ಹಾಗೆಯೇ ಉಳಿದು, ೧೯೮೫ ರಲ್ಲಿ ನ್ಯಾಷನಲ್ ಟ್ರಸ್ಟಿನ ಕೈಸೇರಿದೆ. ಬಹುಸಂಖ್ಯೆಯವು ಬರಿಯ ಹುಲ್ಲಾದುವು.

ಹುಲ್ಲಾದರೂ ಚಿಂತೆಯಿರಲಿಲ್ಲ; ಆರು ನೂರು ವರ್ಷ ಕುರಿಗಳು ಮೇದರೂ ಕಂದಕಕ್ಕೆ ಕೊರತೆಯಾಗಲಿಲ್ಲ. ಅಪಾಯವು ಬಂದುದು ಇಪ್ಪತ್ತನೆಯ ಶತಮಾನದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿಯೂ ಅನಂತರವೂ ಧಾನ್ಯ ಬೇಕೆಂದು ಹಳೆಯ ಹುಲ್ಲುಗಾವಲುಗಳನ್ನು ಉಳಿಸುವುದಕ್ಕೆ ಬದಲಾಗಿ ಉಳುವುದಕ್ಕೆ, ಜೌಗನ್ನು ಬಸಿಯುವುದಕ್ಕೆ, ಸರ್ಕಾರವೇ ಸಹಾಯಧನವನ್ನು ಕೊಟ್ಟಿತು. ಮೂವತ್ತು ಆಳು ತಿಂಗಳುಗಟ್ಟಲೆ ತೋಡಿದುದನ್ನು ಬುಲ್‌ಡೋಜರು ಕೆಲವೇ ದಿನಗಳಲ್ಲಿ ಮುಚ್ಚಿತು. ರೈತನನ್ನು ದೂಷಿಸಲಾರೆನು; ಹೊಲದ ನಡುವೆ ಟ್ರ್ಯಾಕ್ಟರಿಗೆ ಅಡ್ಡವಾದ ಹಳ್ಳವು ಅವನಿಗೆ ಹಳ್ಳವೇ. ಹೊಟ್ಟೆಯ ಪ್ರಶ್ನೆಗೂ ಹಳೆಯದರ ಪ್ರಶ್ನೆಗೂ ಜಗಳ ಬಂದಾಗ ಹಳೆಯದು ಗೆಲ್ಲುವುದು ಕಷ್ಟ. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಅಲ್ಲಿ ೧೮೮೨ ರಲ್ಲಿಯೇ ಮೊದಲ ಶಾಸನವಾಯಿತು. ಈಗ ನಡೆಯುತ್ತಿರುವುದು ೧೯೭೯ ರ ಶಾಸನ. ಪಟ್ಟಿಗೆ ಸೇರಿದ ಕಂದಕವನ್ನು ಅಪ್ಪಣೆಯಿಲ್ಲದೆ ಮುಟ್ಟುವಂತಿಲ್ಲ. ಆದರೆ ಎಲ್ಲ ಕಂದಕಗಳೂ ಪಟ್ಟಿಯಲ್ಲಿಲ್ಲ.

ಮುಚ್ಚಿದರೆ ನಷ್ಟವೇನೆಂದರೆ, ಕೆಸರಿನ ನಷ್ಟ. ಗಾಳಿ ತಗಲದ ಆ ಕಪ್ಪು ಕೆಸರಿನಲ್ಲಿ ಮರ, ಚರ್ಮ, ಕಾಳು, ಹೂವಿನ ಪರಾಗ ಕೂಡ ಕೊಳೆಯದೆ ಇರುತ್ತವೆ. ಸೇತುವೆಯ ಒಂದು ಓಕ್ ಕಂಬವು ಸಿಕ್ಕಿದರೆ ಅದರ ಒಳಗಿನ ವರ್ಷದ ಉಂಗುರಗಳನ್ನು ಎಣಿಸಿ, ತೊಗಟೆ ಉಳಿದಿದ್ದರೆ ಆ ಮರವನ್ನು ಕಡಿದ ವರ್ಷವನ್ನೇ ಹೇಳಬಹುದು. ಯಜಮಾನನ ಹೆಸರು ಸುರುಳಿಯಲ್ಲಿ ಸಿಕ್ಕುತ್ತದೆ. ಅಡಿಗೆಯವಳು ಒಡೆದು ಎಸೆದ ಮಡಕೆ, ಆಳುಮಗನ ಸವೆದ ಪಾದರಕ್ಷೆ, ಆ ವರ್ಷ ಹೊಲದಲ್ಲಿ ಬೆಳೆದ ಧಾನ್ಯ, ಇವು ಸಿಕ್ಕುವುದು ಕೆಸರಿನಲ್ಲಿ ಮಾತ್ರ. ಸುತ್ತಲ ನೆಲವನ್ನು ಬಸಿದು ಕೆಸರು ಒಣಗಿತೆಂದರೆ ಗಾಳಿಯು ಹೊಕ್ಕು ಎಲ್ಲವೂ ಪುಡಿಯಾಗುತ್ತದೆ; ಆಮೇಲೆ ನೀರನ್ನು ತುಂಬಿದರೂ ಬಾರದು. ಆದ್ದರಿಂದ ಅಲ್ಲಿಯ ಬಲ್ಲವರು ಕೇಳುವುದು ದೊಡ್ಡದೇನನ್ನೂ ಅಲ್ಲ: ಅಗೆಯಬೇಡಿ, ಬಸಿಯಬೇಡಿ, ಹುಲ್ಲನ್ನು ಹುಲ್ಲಾಗಿಯೇ ಬಿಡಿ ಎಂದಷ್ಟೆ.

ಮುಚ್ಚಿ ಉತ್ತು ಬಿತ್ತಿದ ಕಂದಕಗಳೂ ಒಮ್ಮೊಮ್ಮೆ ತಲೆಯೆತ್ತುವುದುಂಟು. ೨೦೧೮ ರ ಬೇಸಗೆಯಲ್ಲಿ ಇಂಗ್ಲೆಂಡಿನಲ್ಲಿ ಅಪರೂಪವಾದ ಅನಾವೃಷ್ಟಿಯಾಯಿತು. ಸುತ್ತಲೂ ಪೈರು ಹಳದಿಗೆ ತಿರುಗಿತು. ಆದರೆ ಹಿಂದೆ ಹಳ್ಳಗಳಿದ್ದ ಕಡೆಗಳಲ್ಲಿ ಮಣ್ಣು ಆಳವಾಗಿ ತೇವವನ್ನು ಹಿಡಿದಿದ್ದುದರಿಂದ ಅಷ್ಟು ಮಾತ್ರ ಹಸುರಾಗಿ ಎತ್ತರಕ್ಕೆ ನಿಂತಿತು. ನೆಲದ ಮೇಲೆ ನಿಂತವನಿಗೆ ಏನೂ ಕಾಣದು. ವಿಮಾನದಿಂದ ಬಗ್ಗಿ ನೋಡಿದವರಿಗೆ ಹಳದಿಯ ಹೊಲಗಳಲ್ಲಿ ಹಸುರು ಗೆರೆಗಳು ಕಂಡುವು. ಅವರು ಅವುಗಳ ಚಿತ್ರಗಳನ್ನು ತೆಗೆದುಕೊಂಡರು. ಕೊಯ್ಲಾದ ಮೇಲೆ ಗೆರೆಗಳೂ ಹೋದುವು.